ಕಥೆ ಸಂಜೆಗೆ ಜನ ಬರುತ್ತಾರೆ, ಬಾಯಿ ಮಾತ್ರ ಬಿಡುವುದಿಲ್ಲ

ಮೂರನೇ ಸಾಲು:

ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ನಾವು ಐದು ಜನ ಸೇರಿ ತಿಂಗಳಿಗೊಮ್ಮೆ ಕಥೆ ಹೇಳುವ ಸಂಜೆ ನಡೆಸುತ್ತಿದ್ದೇವೆ. ದೊಡ್ಡವರಿಗೆ. (ಮಕ್ಕಳನ್ನು ಕರೆದುಕೊಂಡು ಬರಬಹುದಾ ಅಂತ ಇನ್ನೂ ಕೇಳುತ್ತಲೇ ಇರುತ್ತಾರೆ. ಕಥೆ ಅಂದರೆ ಮಕ್ಕಳಿಗೆ ಅಂತಲೇ ಎಲ್ಲರ ಲೆಕ್ಕ.) ಓದುವ ಹಾಗಿಲ್ಲ, ಕೈಯಲ್ಲಿ ಚೀಟಿ ಇರುವ ಹಾಗಿಲ್ಲ, ಎದ್ದು ನಿಂತು ಬಾಯಲ್ಲಿ ಹೇಳಬೇಕು. ಅಷ್ಟೇ ನಿಯಮ. ಐದು ಸಂಜೆ ಆಗಿವೆ. ಮೊದಲ ಸಲ 30 ಜನ ಬಂದಿದ್ದರು. ಐದನೇ ಸಲ 14, ಅದರಲ್ಲಿ ಐದು ಜನ ನಾವೇ.

ಹೇಳುವವರು ಪ್ರತಿ ಸಲವೂ ಅದೇ ಮೂವರು. ಒಬ್ಬರು ಹತ್ತು ನಿಮಿಷ ಅಂತ ಎದ್ದರೆ ಮೂವತ್ತೈದು ನಿಮಿಷ ಕೂರುವುದಿಲ್ಲ. ಇನ್ನೊಬ್ಬರು ಪೂರ್ತಿ ಬರೆದು ಬಾಯಿಪಾಠ ಮಾಡಿಕೊಂಡು ಬರುತ್ತಾರೆ, ನಡುವೆ ಒಂದು ಸಾಲು ತಪ್ಪಿದರೆ ಅಲ್ಲೇ ನಿಂತು ಫ್ಯಾನ್ ನೋಡುತ್ತಾರೆ, ಅವರ ಜೊತೆ ನಾವೂ ಫ್ಯಾನ್ ನೋಡುತ್ತೇವೆ. ಮೂರನೆಯವನು ನಾನು. ಯಾರೂ ಏಳದಿದ್ದಾಗ ಮರ್ಯಾದೆ ಉಳಿಸಲು ಏಳುತ್ತೇನೆ.

ಉಳಿದವರನ್ನು ಕೇಳಿದರೆ ಒಂದೇ ಉತ್ತರ: ನನ್ನ ಹತ್ರ ಕಥೆ ಏನೂ ಇಲ್ಲಪ್ಪ. ಆದರೆ ಕಾರ್ಯಕ್ರಮ ಮುಗಿದ ಮೇಲೆ ಇದೇ ಜನ ಬ್ಯಾಗು ಹೆಗಲಿಗೆ ಹಾಕಿಕೊಂಡು, ಒಂದು ಕಾಲಿಗೆ ಚಪ್ಪಲಿ ಮೆಟ್ಟಿಕೊಂಡು, ಬಾಗಿಲ ಹತ್ರ ನಿಂತು ಅರ್ಧ ಗಂಟೆ ಎಂಥೆಂಥ ಕಥೆ ಹೇಳುತ್ತಾರೆ ಅಂದರೆ ನನಗೆ ಹೊಟ್ಟೆ ಉರಿಯುತ್ತದೆ.

ಈಗ ಒಂದು ಕಾರ್ಯಾಗಾರ ಮಾಡೋಣ ಅಂತ ಯೋಚನೆ. ಅದರಲ್ಲಿ ಏನು ಕಲಿಸಬೇಕು? ಇದನ್ನೆಲ್ಲ ಕಲಿಸಲು ಆಗುತ್ತದಾ? ಮಾಡಿ ನೋಡಿದವರು ಹೇಳಿ.

ಹೂಂಗುಟ್ಟುವವಳು:

ಮೊದಲು ಇದನ್ನು ಹೇಳಿ. ಕುರ್ಚಿ ಹೇಗೆ ಹಾಕಿದ್ದೀರಿ?

ಮೂರನೇ ಸಾಲು:

ಸಾಲಾಗಿ. ಆರು ಸಾಲು, ಸಾಲಿಗೆ ಎಂಟು. ಎದುರಿಗೆ ಸಣ್ಣ ವೇದಿಕೆ, ಒಂದು ಮೇಜು, ಮೈಕ್. ಯಾಕೆ ಮೇಡಂ?

ಹೂಂಗುಟ್ಟುವವಳು:

ಅದೇ ಅಂದುಕೊಂಡೆ. 48 ಕುರ್ಚಿ, 14 ಜನ. ಎದ್ದು ನಿಂತವರಿಗೆ ಮೊದಲು ಕಾಣುವುದು 34 ಖಾಲಿ ಕುರ್ಚಿ. ಆಮೇಲೆ ಬಾಯಿ ಹೇಗೆ ಬರಬೇಕು?

ಮುಂದಿನ ಸಲ ಹತ್ತೇ ಕುರ್ಚಿ ಹಾಕಿ. ಅರ್ಧ ಚಂದ್ರದ ಹಾಗೆ. ಉಳಿದದ್ದು ಗೋಡೆಗೆ ಒರಗಿಸಿಡಿ, ಜನ ಬಂದ ಹಾಗೆ ಎಳೆದು ಹಾಕಿ. ಕುರ್ಚಿ ಸಾಲದೆ ಹೋಗುವುದು ಕಥೆ ಸಂಜೆಗೆ ಒಳ್ಳೆಯದು. ಮೇಜು ತೆಗೆದುಬಿಡಿ, ಮೇಜಿನ ಹಿಂದೆ ನಿಂತವರು ಎಲ್ಲರೂ ಮೇಷ್ಟ್ರಾಗುತ್ತಾರೆ. ವೇದಿಕೆಯೂ ಬೇಡ. ಕೋಣೆಯಲ್ಲಿ ಕತ್ತಲೆ, ಹೇಳುವವರ ಮೇಲೆ ಮಾತ್ರ ಬೆಳಕು ಅಂತ ಕೆಲವರು ನಾಟಕದ ಥರ ಮಾಡುತ್ತಾರೆ, ಅದನ್ನಂತೂ ಮಾಡಲೇಬೇಡಿ, ಯಾಕೆಂದರೆ ಕಥೆ ಹೇಳುವವರು ಮುಖ ನೋಡಿಕೊಂಡೇ ದಾರಿ ಹುಡುಕುವುದು. ಎದುರಿನವರು ಹುಬ್ಬು ಗಂಟಿಕ್ಕಿದರೆ ಅಲ್ಲೊಂದು ಮಾತು ಬಿಡಿಸಿ ಹೇಳಬೇಕು, ಆಕಳಿಸಿದರೆ ಎರಡು ಹೆಜ್ಜೆ ಹಾರಿಸಬೇಕು. ಕತ್ತಲೆಗೆ ಹೇಳಿದರೆ ಇದೆಲ್ಲ ಎಲ್ಲಿಂದ ಗೊತ್ತಾಗುತ್ತದೆ?

ನನ್ನ ಹೆಸರೇ ನೋಡಿ. ನನ್ನ ಪ್ರಕಾರ ಕಾರ್ಯಾಗಾರದಲ್ಲಿ ಮೊದಲು ಕಲಿಸಬೇಕಾದದ್ದು ಹೂಂಗುಟ್ಟುವುದನ್ನು. ನಮ್ಮ ಭಾಷೆಯಲ್ಲಿ ಅದಕ್ಕೊಂದು ಕ್ರಿಯಾಪದವೇ ಇದೆ ಅಂದ ಮೇಲೆ ಅದು ಸುಮ್ನೆ ಬಂದಿದ್ದಲ್ಲ. ಹೈಟಿಯಲ್ಲಿ ಹೇಳುವವರು 'ಕ್ರಿಕ್?' ಅಂತ ಕೇಳುತ್ತಾರೆ, ಕೂತವರು 'ಕ್ರಾಕ್!' ಅನ್ನಬೇಕು. ಆಮೇಲೇ ಕಥೆ ಶುರು. ಹೇಳಲು ನಾನು ತಯಾರು, ಕೇಳಲು ನೀವು ತಯಾರಾ ಅಂತ ಮೊದಲೇ ಒಪ್ಪಂದ.

ಇದು ಬರೀ ಭಾವನೆಯ ಮಾತಲ್ಲ. 2010ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಉರಿ ಹಾಸನ್ ಮತ್ತು ಜೊತೆಗಾರರು ಕಥೆ ಹೇಳುವವರ ಮೆದುಳನ್ನೂ ಕೇಳುವವರ ಮೆದುಳನ್ನೂ ಸ್ಕ್ಯಾನ್ ಮಾಡಿ ನೋಡಿದರು. ಹೇಳುವವಳ ಮೆದುಳಿನಲ್ಲಿ ಆದದ್ದೇ ಸ್ವಲ್ಪ ಹೊತ್ತಿನಲ್ಲಿ ಕೇಳುವವರಲ್ಲೂ ಆಗುತ್ತಿತ್ತು. ಅರ್ಥವಾಗದ ಭಾಷೆಯಲ್ಲಿ, ರಷ್ಯನ್‌ನಲ್ಲಿ ಕಥೆ ಕೇಳಿಸಿದಾಗ ಈ ಹೊಂದಾಣಿಕೆ ಹೋಗಿಬಿಟ್ಟಿತು. ನನಗೆ ಇಷ್ಟವಾದದ್ದು ಇನ್ನೊಂದು: ಚೆನ್ನಾಗಿ ಅರ್ಥ ಮಾಡಿಕೊಂಡವರ ಮೆದುಳಿನ ಕೆಲವು ಭಾಗ ಹೇಳುವವಳಿಗಿಂತ ಒಂದು ಹೆಜ್ಜೆ ಮುಂದೆಯೇ ಓಡುತ್ತಿತ್ತು. ಹೂಂ, ಆಮೇಲೆ? ಅನ್ನುತ್ತೇವಲ್ಲ, ಅದೇ.

ಯಾಕ್ರೀ:

ನಾನು ಸ್ವಲ್ಪ ಉಲ್ಟಾ ಮಾತಾಡುತ್ತೇನೆ, ಬೈಯಬೇಡಿ. ಕಥೆ ಹೇಳಲು ಕಾರ್ಯಾಗಾರ ಯಾಕ್ರೀ? ನಮ್ಮ ಅಜ್ಜಿ ಯಾವ ಕಾರ್ಯಾಗಾರಕ್ಕೆ ಹೋಗಿದ್ದರು? ಎಲ್ಲದಕ್ಕೂ ಒಂದು ತರಬೇತಿ, ಒಂದು ಸರ್ಟಿಫಿಕೇಟು. ಕಲಿಸಿ ಕಲಿಸಿ ಎಲ್ಲರೂ ಒಂದೇ ಥರ ಮಾತಾಡುವ ಹಾಗೆ ಆಗುತ್ತದೆ. ಕಾರ್ಪೊರೇಟ್ ಸಭೆಗಳಲ್ಲಿ ನೋಡಿಲ್ವಾ, 'ಒಂದು ಪುಟ್ಟ ಕಥೆಯಿಂದ ಶುರು ಮಾಡುತ್ತೇನೆ' ಅಂತ ಎದೆ ಮೇಲೆ ಕೈ ಇಟ್ಟುಕೊಳ್ಳುತ್ತಾರೆ. ನನಗೆ ಅಲ್ಲೇ ಎದ್ದು ಹೋಗಬೇಕು ಅನ್ನಿಸುತ್ತದೆ.

ಹಳೇ ರೇಡಿಯೋ:

ಎದೆ ಮೇಲೆ ಕೈ ಇಡುವವರ ವಿಷಯದಲ್ಲಿ ನಾನು ನಿಮ್ಮ ಜೊತೆ. ಅಜ್ಜಿ ವಿಷಯದಲ್ಲಿ ಇಲ್ಲ.

ಅಜ್ಜಿ ಕಾರ್ಯಾಗಾರಕ್ಕೆ ಹೋಗಲಿಲ್ಲ, ಯಾಕೆಂದರೆ ಅವರು ಚಿಕ್ಕಂದಿನಿಂದ ನೂರಾರು ರಾತ್ರಿ ಕೇಳಿದ್ದರು. ಅದೇ ಅವರ ಕಾರ್ಯಾಗಾರ. 1933ರಿಂದ 1935ರವರೆಗೆ ಹಾರ್ವರ್ಡ್ ವಿಶ್ವವಿದ್ಯಾಲಯದ ವಿದ್ವಾಂಸ ಮಿಲ್ಮನ್ ಪ್ಯಾರಿ, ಜೊತೆಗೆ ಅವರ ಶಿಷ್ಯ ಆಲ್ಬರ್ಟ್ ಲಾರ್ಡ್, ಆಗಿನ ಯುಗೊಸ್ಲಾವಿಯಾದಲ್ಲಿ ಓಡಾಡಿ ಕಥೆ ಹಾಡುವವರನ್ನು ಅಲ್ಯೂಮಿನಿಯಂ ತಟ್ಟೆಗಳಲ್ಲಿ ರೆಕಾರ್ಡ್ ಮಾಡಿದರು. ಈ ಹಾಡುಗಾರರು ಕಲಿಯುವ ದಾರಿಯಲ್ಲಿ ಮೂರು ಹಂತ ಕಾಣುತ್ತದೆ ಅಂತ ಲಾರ್ಡ್ ಹೇಳುತ್ತಾರೆ. ಮೊದಲ ಹಂತದಲ್ಲಿ ಬರೀ ಕೇಳುವುದು, ವರ್ಷಗಟ್ಟಲೆ. ಎರಡನೆಯದರಲ್ಲಿ ಯಾರೂ ತಪ್ಪು ಹಿಡಿಯದ ಕಡೆ ತಪ್ಪುತ್ತಾ ಅಭ್ಯಾಸ. ಮೂರನೆಯದರಲ್ಲಿ ಜನರ ಮುಂದೆ. ನಾವು ಮೊದಲೆರಡು ಹಂತ ಬಿಟ್ಟು ನೇರ ಮೂರನೆಯದಕ್ಕೆ ಮೈಕ್ ಕೊಡುತ್ತೇವೆ. ಆಮೇಲೆ ಯಾರೂ ಏಳುವುದಿಲ್ಲ ಅಂತ ಗೊಣಗುತ್ತೇವೆ.

ಈಗ ಬಾಯಿಪಾಠದ ವಿಷಯ. ಅದೇ ಊರುಗಳಲ್ಲಿ ಅವ್ದೊ ಮೆಜೆದೊವಿಚ್ ಅಂತ ಒಬ್ಬರು ಸಿಕ್ಕಿದರು. ಮಾಂಸದ ಅಂಗಡಿಯವರು. ಓದಲು ಬರೆಯಲು ಬಾರದು. ಅವರು ಕಟ್ಟಿದ ಒಂದು ಕಥನ 12,000 ಸಾಲಿಗೂ ಜಾಸ್ತಿ. ಪ್ಯಾರಿ ಒಂದು ಪರೀಕ್ಷೆ ಮಾಡಿದರು. ಅವ್ದೊ ಎಂದೂ ಕೇಳಿರದ ಒಂದು ಹಾಡನ್ನು ಬೇರೆ ಹಾಡುಗಾರನಿಂದ ಅವರೆದುರೇ ಹಾಡಿಸಿದರು, 2,000 ಚಿಲ್ಲರೆ ಸಾಲು. ಮುಗಿದ ಮೇಲೆ, ನಿಮಗೂ ಬರುತ್ತದಾ ಅಂತ ಕೇಳಿದರು. ಅವ್ದೊ ಹಾಡಿದರು. 6,000 ಸಾಲು ದಾಟಿತು! ಒಂದು ಸಲ ಕೇಳಿ ಮೂರು ಪಟ್ಟು. ಪದ ನೆನಪಿಟ್ಟುಕೊಂಡಿದ್ದರೆ ಇದು ಆಗುವ ಮಾತಲ್ಲ. ಅವರು ಹಿಡಿದಿದ್ದು ಕಥೆಯ ಮೂಳೆ. ಮಾಂಸ ಅವರದೇ. (ಮಾಂಸದ ಅಂಗಡಿಯವರು ಅಂತ ಹೇಳಿದ ಮೇಲೆ ಈ ಮಾತು ಬಂದೇ ಬರುತ್ತದೆ, ಕ್ಷಮಿಸಿ.)

ಇನ್ನೂ ತಮಾಷೆ ಏನೆಂದರೆ, ಅಲ್ಲಿನ ಹಾಡುಗಾರರು ನಾವು ಒಂದು ಪದ ಕೂಡ ಬದಲಿಸದೆ ಹಾಡುತ್ತೇವೆ ಅಂತ ಆಣೆ ಮಾಡುತ್ತಿದ್ದರು. ರೆಕಾರ್ಡ್ ಹಾಕಿ ನೋಡಿದರೆ ಪ್ರತಿ ಸಲವೂ ಬೇರೆ. ಅವರು ಸುಳ್ಳು ಹೇಳುತ್ತಿರಲಿಲ್ಲ. ಅವರ ಲೆಕ್ಕದಲ್ಲಿ ಕಥೆ ಅಂದರೆ ಪದ ಅಲ್ಲ, ಅಷ್ಟೇ.

ಮೂರನೇ ಸಾಲು:

ಸರ್, ಈ ಮೂಳೆ ಹಿಡಿಯುವುದನ್ನು ಕಲಿಸುವುದು ಹೇಗೆ? ನಮ್ಮ ಫ್ಯಾನ್ ನೋಡುವವರಿಗೆ ಏನು ಹೇಳಲಿ?

ಹಳೇ ರೇಡಿಯೋ:

ಕಾಗದ ಕಿತ್ತುಕೊಳ್ಳಬೇಡಿ, ಹೆದರುತ್ತಾರೆ. ಕಾಗದ ಕೊಡಿ, ಆದರೆ ಬರೆಯಲು ಅಲ್ಲ, ಚಿತ್ರ ಬಿಡಿಸಲು. ಐದೋ ಆರೋ ಚೌಕ. ಕೆಟ್ಟ ಚಿತ್ರವೇ ಇರಲಿ, ಕಡ್ಡಿ ಮನುಷ್ಯರು ಸಾಕು.

ನನ್ನದೇ ಉದಾಹರಣೆ ಕೊಡುತ್ತೇನೆ. ನಾನೊಮ್ಮೆ ತಪ್ಪು ರೈಲು ಹತ್ತಿದ ಕಥೆ ಇದೆ. ಮೊದಲು ಅದನ್ನು ನಾನು ಹೇಳುತ್ತಿದ್ದದ್ದು ಹೀಗೆ: ಆಗ ನನಗೆ ಹೊಸದಾಗಿ ಕೆಲಸ ಸಿಕ್ಕಿತ್ತು, ಅದಕ್ಕೂ ಮುಂಚೆ ಆರು ತಿಂಗಳು ಇನ್ನೊಂದು ಕಡೆ ಇದ್ದೆ, ಅಲ್ಲ ಏಳು ತಿಂಗಳು... ಅಷ್ಟರಲ್ಲಿ ಕೇಳುವವರು ಮೊಬೈಲ್ ತೆಗೆದಾಗಿರುತ್ತಿತ್ತು. ಈಗ ಐದು ಚಿತ್ರ. ಪ್ಲಾಟ್‌ಫಾರ್ಮಿನ ಎರಡೂ ಕಡೆ ರೈಲು, ಎರಡೂ ಒಂದೇ ಬಣ್ಣ. ನನ್ನ ಸೀಟಿನಲ್ಲಿ ಬಾಯಿ ತೆರೆದು ಮಲಗಿರುವ ಅಜ್ಜ. ಇಬ್ಬರ ಟಿಕೆಟ್ಟನ್ನೂ ಪಕ್ಕ ಪಕ್ಕ ಹಿಡಿದು ನಗುವ ಟಿ.ಟಿ. ನಡುರಾತ್ರಿ, ಒಂದೇ ದೀಪದ ಸ್ಟೇಷನ್. ಅಲ್ಲಿನ ಬೆಂಚಿನ ಒಂದು ತುದಿಯಲ್ಲಿ ನಾನು, ಇನ್ನೊಂದು ತುದಿಯಲ್ಲಿ ಅದೇ ಅಜ್ಜ. ಅವರೂ ತಪ್ಪು ರೈಲೇ ಹತ್ತಿದ್ದರು.

ಇಷ್ಟೇ. ಮಾತು ಆವತ್ತಿನ ದಿನ ಹೇಗೆ ಬರುತ್ತದೋ ಹಾಗೆ. ಬಾಯಿಪಾಠ ಎರಡೇ ಸಾಲು: ಮೊದಲನೆಯದು, ಕೊನೆಯದು. ನನ್ನ ಮೊದಲ ಸಾಲು 'ನನ್ನ ಸೀಟಿನಲ್ಲಿ ಒಬ್ಬ ಅಜ್ಜ ಮಲಗಿದ್ದರು'. ಎದ್ದು ನಿಂತಾಗ ಎದೆ ಹೊಡೆದುಕೊಳ್ಳುತ್ತಿರುತ್ತದಲ್ಲ, ಆಗ ಮೊದಲ ಸಾಲು ಗೊತ್ತಿದ್ದರೆ ಕಾಲಿಗೆ ನೆಲ ಸಿಕ್ಕ ಹಾಗೆ. ಕೊನೆಯ ಸಾಲು ಗೊತ್ತಿಲ್ಲದವರೇ ಮೂವತ್ತೈದು ನಿಮಿಷ ಹೇಳುವುದು. ಅವರು ಮುಗಿಸಲು ಜಾಗ ಹುಡುಕುತ್ತಿರುತ್ತಾರೆ ಪಾಪ.

ಅರೆಬರೆ:

ಸರ್ ನನಗೂ ಆ ಅಜ್ಜನ ಕಥೆ ಪೂರ್ತಿ ಬೇಕು!!

ನಾನು 'ನನ್ನ ಹತ್ರ ಕಥೆ ಇಲ್ಲ' ಪಾರ್ಟಿಯವಳು. ಎರಡು ವರ್ಷ ಇಂಥದ್ದೇ ಒಂದು ಸಂಜೆಗೆ ಹೋಗಿ ಸುಮ್ನೆ ಕೂತು ಬಂದಿದ್ದೇನೆ. ಹಾಗಾಗಿ ಆ ಕಡೆಯಿಂದ ಹೇಳುತ್ತೇನೆ.

'ಒಂದು ಕಥೆ ಹೇಳಿ' ಅಂದ ಕೂಡಲೇ ತಲೆ ಖಾಲಿ. ಕಥೆ ಅಂದರೆ ಏನೋ ದೊಡ್ಡದು, ಬಾವಿಗೆ ಬಿದ್ದಿರಬೇಕು, ಬೆಟ್ಟ ಹತ್ತಿರಬೇಕು, ಕೊನೆಗೆ ಏನಾದರೂ ಕಲಿತಿರಬೇಕು ಅಂತ. ನನಗೆ ಅಂಥದ್ದು ಏನೂ ಆಗಿಲ್ಲ. ಆಮೇಲೆ ಒಂದು ಕಾರ್ಯಾಗಾರದಲ್ಲಿ ಕಥೆ ಅನ್ನುವ ಪದವನ್ನೇ ಎತ್ತಲಿಲ್ಲ. ನಿಮ್ಮ ಬ್ಯಾಗಿನಿಂದ ಒಂದು ವಸ್ತು ತೆಗೆಯಿರಿ ಅಂದರು. ನನ್ನ ಕೈಗೆ ಸಿಕ್ಕಿದ್ದು ಬೀಗದ ಕೈ ಗೊಂಚಲು. ಇದರಲ್ಲಿ ಈಗ ಉಪಯೋಗಕ್ಕೆ ಬಾರದ ಕೀ ಯಾವುದು ಅಂತ ಕೇಳಿದರು. ಒಂದಿತ್ತು. ಮೂರು ಮನೆ ಹಿಂದಿನದು. ಬೀಗವೇ ಇಲ್ಲ, ಆ ಮನೆಯೂ ಈಗಿಲ್ಲ, ಕೀ ಮಾತ್ರ ಹೊತ್ತು ತಿರುಗುತ್ತಿದ್ದೇನೆ. ಯಾಕೆ ಬಿಸಾಡಿಲ್ಲ ಅಂತ ಪಕ್ಕದವರು ಕೇಳಿದರು, ಹೇಳುತ್ತಾ ಹೇಳುತ್ತಾ ಹನ್ನೆರಡು ನಿಮಿಷ ಆಗಿತ್ತು.

ಇನ್ನೊಂದು, ಅಲ್ಲಿ ಎಲ್ಲರೆದುರು ನಿಲ್ಲಿಸಲಿಲ್ಲ. ಮೊದಲು ಒಬ್ಬರಿಗೆ ಹೇಳಬೇಕು. ಆಮೇಲೆ ಜೋಡಿ ಬದಲಿಸಿ ಅದನ್ನೇ ಇನ್ನೊಬ್ಬರಿಗೆ, ಈ ಸಲ ನಾಲ್ಕು ನಿಮಿಷದಲ್ಲಿ. ಆಮೇಲೆ ಮೂವರಿಗೆ, ಎರಡು ನಿಮಿಷದಲ್ಲಿ. ಮೂರನೇ ಸಲ ಹೇಳುವಾಗ ಏನು ಬಿಡಬೇಕು ಅಂತ ಯಾರೂ ಹೇಳಿಕೊಡಲಿಲ್ಲ, ಬೇಡದ್ದು ತಾನಾಗಿ ಉದುರಿತ್ತು. ಒಂದು ವಿಚಿತ್ರ ಏನೆಂದರೆ, ನಾನು ಮುಖ್ಯ ಅಂದುಕೊಂಡಿದ್ದ ಭಾಗ (ಮನೆ ಬಿಟ್ಟ ದಿನ) ಉದುರಿ, ಸುಮ್ನೆ ಹೇಳಿದ ಭಾಗ ಉಳಿಯಿತು. ಆ ಬಾಗಿಲು ತೆರೆಯಬೇಕಾದರೆ ಕೀ ಹಾಕಿ ಸ್ವಲ್ಪ ಮೇಲಕ್ಕೆ ಎತ್ತಿ, ಮೊಣಕಾಲಿನಿಂದ ಒಮ್ಮೆ ಗುದ್ದಬೇಕಿತ್ತು. ಈಗಲೂ ಹೊಸ ಬಾಗಿಲ ಮುಂದೆ ನಿಂತರೆ ನನ್ನ ಮೊಣಕಾಲು ತಾನಾಗಿ ಏಳುತ್ತದೆ. ಎಲ್ಲರಿಗೂ ನೆನಪಿದ್ದದ್ದು ಅದೊಂದೇ.

ಕೇಳಿದವರು ಏನು ಹೇಳಬಹುದು ಅನ್ನುವುದಕ್ಕೂ ನಿಯಮ ಇತ್ತು. 'ನನಗೆ ಏನು ಕಣ್ಣಿಗೆ ಕಟ್ಟಿತು', 'ಎಲ್ಲಿ ಇನ್ನೂ ಸ್ವಲ್ಪ ಬೇಕಿತ್ತು'. ಇವೆರಡೇ. ನೀವು ಕೈ ಹಾಗೆ ಆಡಿಸಬಾರದಿತ್ತು, ಧ್ವನಿ ಏರಿಳಿತ ಸಾಲದು, ಈ ಥರ ಮಾತಿಗೆ ಅವಕಾಶವೇ ಇಲ್ಲ. ದೊಡ್ಡವರಿಗೆ ತಪ್ಪು ತಿದ್ದಿದರೆ ಮುಂದಿನ ವಾರ ಬರುವುದಿಲ್ಲ. ನಾನಂತೂ ಬರುತ್ತಿರಲಿಲ್ಲ.

ಯಾಕ್ರೀ:

ಈ ಕೀ ವಿಷಯ ಚೆನ್ನಾಗಿದೆ, ಒಪ್ಪಿದೆ. ಕಾರ್ಯಾಗಾರಕ್ಕೆ ನನ್ನ ವಿರೋಧ ಅರ್ಧ ವಾಪಸ್.

ಎಡಗಿವಿ:

ಮೇಲೆ ಯಾರೋ ಮೇಜು ಬೇಡ, ವೇದಿಕೆ ಬೇಡ ಅಂದರು. ಸದ್ಯ ಮೈಕ್ ಬೇಡ ಅನ್ನಲಿಲ್ಲ.

ನನಗೆ ಬಲಗಿವಿ ಕೇಳುವುದಿಲ್ಲ, ಎಡಗಿವಿಗೆ ಯಂತ್ರ. ಇಂಥ ಕಡೆಗಳಲ್ಲಿ ಒಬ್ಬರಾದರೂ ಎದ್ದು 'ನನಗೆ ಮೈಕ್ ಬೇಡ, ನನ್ನ ಧ್ವನಿ ದೊಡ್ಡದು, ಎಲ್ಲರಿಗೂ ಕೇಳುತ್ತಿದೆ ಅಲ್ವಾ?' ಅಂತ ಕೇಳುತ್ತಾರೆ. ಕೇಳುತ್ತಿರುವವರು ಹೌದು ಅನ್ನುತ್ತಾರೆ. ಕೇಳಿಸದವರಿಗೆ ಪ್ರಶ್ನೆಯೇ ಕೇಳಿಸಿರುವುದಿಲ್ಲ. ಇನ್ನು ಕಥೆಯ ಗುಟ್ಟಿನ ಜಾಗಕ್ಕೆ ಬಂದ ಕೂಡಲೇ ಧ್ವನಿ ಇಳಿಸುತ್ತಾರೆ. ಎಲ್ಲರೂ ನಗುತ್ತಾರೆ, ನಾನೂ ಒಂದು ಕ್ಷಣ ತಡವಾಗಿ ನಗುತ್ತೇನೆ.

ಕುತ್ತಿಗೆಗೆ ಸಿಕ್ಕಿಸುವ ಸಣ್ಣ ಮೈಕ್ ಇದ್ದರೆ ಒಳ್ಳೆಯದು, ಕೈ ಖಾಲಿ ಇರುತ್ತದೆ. ಮುಖದ ಮೇಲೆ ಬೆಳಕು ಇರಲಿ, ನಾವು ತುಟಿಯನ್ನೂ ಓದುತ್ತೇವೆ. ಕಿಟಕಿಗೆ ಬೆನ್ನು ಹಾಕಿ ನಿಲ್ಲಿಸಬೇಡಿ, ಮುಖ ಕಪ್ಪಾಗಿ ಕಾಣುತ್ತದೆ. ಇಷ್ಟು ಮಾಡಿದರೆ ಸಾಕು, ಹೂಂಗುಟ್ಟಲು ನಾನೂ ತಯಾರು.

ಹೂಂಗುಟ್ಟುವವಳು:

ಕಿಟಕಿ ವಿಷಯ ನನಗೆ ಹೊಳೆದೇ ಇರಲಿಲ್ಲ. ಅರ್ಧ ಚಂದ್ರ ಹಾಕುವಾಗ ಕಿಟಕಿ ಕೇಳುವವರ ಬೆನ್ನಿಗೆ ಬರಲಿ. ಥ್ಯಾಂಕ್ಸ್.

ಗಡಿಬಿಡಿ:

ಮೂವತ್ತೈದು ನಿಮಿಷದವರ ಬಗ್ಗೆ ಯಾರೂ ಮದ್ದು ಹೇಳಲಿಲ್ಲ, ನಾನು ಹೇಳುತ್ತೇನೆ.

ಐದು ನಿಮಿಷ. ಎಲ್ಲರಿಗೂ. 1997ರಲ್ಲಿ ನ್ಯೂಯಾರ್ಕಿನಲ್ಲಿ ಶುರುವಾದ 'ದಿ ಮಾತ್' ಅನ್ನುವ ಕಥೆ ಹೇಳಿಸುವ ಸಂಸ್ಥೆ ಇದೆ, ಅವರ ಸ್ಪರ್ಧೆ ಸಂಜೆಗಳಲ್ಲಿ ಹೇಳಲು ಇಷ್ಟ ಇರುವವರು ಹೆಸರು ಬರೆದು ಹಾಕುತ್ತಾರೆ, ಅದರಲ್ಲಿ ಹತ್ತು ಹೆಸರು ಎತ್ತುತ್ತಾರೆ. ಚೀಟಿ ನೋಡುವ ಹಾಗಿಲ್ಲ, ಐದು ನಿಮಿಷ, ಮೇಲೊಂದು ನಿಮಿಷ ರಿಯಾಯಿತಿ. ಹೆಸರು ಎತ್ತುವುದರಿಂದ ಎರಡು ಉಪಕಾರ: ಅದೇ ಮೂವರು ಅನ್ನುವುದು ತಪ್ಪುತ್ತದೆ, ಮತ್ತು ಯಾರು ಮೊದಲು ಏಳಬೇಕು ಅನ್ನುವ ಆ ಸಂಕಟದ ಮೌನ ಇರುವುದಿಲ್ಲ. ನಾಚಿಕೆಯ ಜನ ಕೈ ಎತ್ತುವುದಿಲ್ಲ, ಆದರೆ ಚೀಟಿ ಹಾಕುತ್ತಾರೆ. ಬಾರದಿದ್ದರೆ ಸಾಕು ಅಂತ ಬೇಡಿಕೊಳ್ಳುತ್ತಲೇ ಹಾಕುತ್ತಾರೆ. ನಾನು ನೋಡಿದ್ದೇನೆ.

ಗಂಟೆ ಬಾರಿಸಬೇಡಿ, ಪರೀಕ್ಷೆ ಹಾಲ್ ನೆನಪಾಗುತ್ತದೆ. ನಾಲ್ಕನೇ ನಿಮಿಷಕ್ಕೆ ನಡೆಸುವವರು ತಮ್ಮ ಜಾಗದಲ್ಲಿ ಸುಮ್ನೆ ಎದ್ದು ನಿಂತರೆ ಆಯಿತು. ಹೇಳುವವರಿಗೆ ಕಾಣುತ್ತದೆ. ಕಂಡೂ ಮುಂದುವರಿಸಿದರೆ ಆರಕ್ಕೆ ಎರಡು ಹೆಜ್ಜೆ ಹತ್ತಿರ ಹೋಗಿ. ಏಳಕ್ಕೆ ಚಪ್ಪಾಳೆ ಶುರು ಮಾಡಿಬಿಡಿ, ಉಳಿದವರು ಸಂತೋಷದಿಂದ ಸೇರಿಕೊಳ್ಳುತ್ತಾರೆ.

ಮತ್ತೆ ನಡೆಸುವವರೇ, ಒಂದೊಂದು ಕಥೆ ಆದ ಮೇಲೂ 'ಎಷ್ಟು ಚೆನ್ನಾಗಿ ಹೇಳಿದರು, ಇದರಿಂದ ನಮಗೆ ತಿಳಿಯುವುದೇನೆಂದರೆ' ಅಂತ ಭಾಷಣ ಮಾಡಬೇಡಿ. ಹೆಸರು ಎತ್ತಿ, ಕೂತುಕೊಳ್ಳಿ.

ಲಾಟೀನು:

ನಾನು ಕಹಿ ಅನುಭವ ಒಂದನ್ನು ಹೇಳಲೇಬೇಕು, ಕಾರ್ಯಾಗಾರ ನಡೆಸುವವರಿಗೆ ಉಪಯೋಗ ಆಗಬಹುದು.

ಕೆಲವು ವರ್ಷದ ಹಿಂದೆ ಎರಡು ದಿನದ ಒಂದು ಶಿಬಿರಕ್ಕೆ ಹೋಗಿದ್ದೆ. ಮೊದಲ ದಿನ, ಇನ್ನೂ ಒಬ್ಬರ ಹೆಸರು ಒಬ್ಬರಿಗೆ ಗೊತ್ತಿಲ್ಲ, ಕಣ್ಣು ಮುಚ್ಚಿ, ನಿಮ್ಮ ಬದುಕಿನ ಅತ್ಯಂತ ನೋವಿನ ಗಳಿಗೆಗೆ ಹೋಗಿ ಅಂದರು. ಹೋದೆವು. ಒಬ್ಬರು ತಮ್ಮ ಮನೆಯ ಸಾವಿನ ವಿಷಯ ಹೇಳಲು ಶುರು ಮಾಡಿ ನಿಲ್ಲಿಸಲಾಗದೆ ಅತ್ತರು, ಅಳುತ್ತಲೇ ಇದ್ದರು. ಕಲಿಸುವವರು 'ಅದ್ಭುತ, ಇದೇ ನಿಜವಾದ ಕಥೆ' ಅಂದು ಊಟದ ವಿರಾಮ ಕೊಟ್ಟರು. ಅತ್ತವರು ಮಧ್ಯಾಹ್ನ ಬರಲಿಲ್ಲ. ಮರುದಿನವೂ ಬರಲಿಲ್ಲ. ಫೋನ್ ಮಾಡಿದ್ದೀರಾ ಅಂತ ನಾನು ಕೇಳಿದ್ದಕ್ಕೆ ಅವರ ನಂಬರ್ ಇಲ್ಲ ಅಂದರು.

ಆವತ್ತಿನಿಂದ ನಾನು ಒಂದು ಮಾತು ಹಿಡಿದುಕೊಂಡಿದ್ದೇನೆ: ಗಾಯ ಹೇಳಬೇಡಿ, ಕಲೆ ಹೇಳಿ. ಗಾಯ ಇನ್ನೂ ಹಸಿ ಇದ್ದರೆ ಕೇಳುವವರು ಕಥೆ ಬಿಟ್ಟು ನಿಮ್ಮನ್ನು ನೋಡಿಕೊಳ್ಳಬೇಕಾಗುತ್ತದೆ. ಮಾಗಿ ಕಲೆ ಆದ ಮೇಲೆ ನೀವೇ ಅದನ್ನು ಬೆರಳಿಟ್ಟು ತೋರಿಸಬಹುದು. ಬೇರೆ ಭಾಷೆಗಳಲ್ಲೂ ಈ ಮಾತು ಇದೆ, ಆದರೆ ಗಾಯದ ಗುರುತಿಗೂ ಕಲೆ, ಕಲಿತ ವಿದ್ಯೆಗೂ ಕಲೆ ಅನ್ನುವ ಅನುಕೂಲ ಕನ್ನಡಕ್ಕೆ ಮಾತ್ರ ಇದೆಯೇನೋ.

ಇನ್ನೊಂದು, ಕಥೆ ಯಾರದು? ನಾದಿನಿಯ ವಿಚ್ಛೇದನ, ಪಕ್ಕದ ಮನೆಯ ಜಗಳ, ಇವು ನಮ್ಮ ಕಥೆ ಅಲ್ಲ. ಹೆಸರು ಬದಲಿಸಿದರೂ ಗೊತ್ತಿರುವವರಿಗೆ ಗೊತ್ತಾಗುತ್ತದೆ. ಮೊಬೈಲಿನಲ್ಲಿ ರೆಕಾರ್ಡ್ ಮಾಡುವುದಕ್ಕೂ ಮೊದಲೇ ನಿಯಮ ಇರಲಿ. ಹದಿನಾಲ್ಕು ಜನರಿಗೆ ಹೇಳಿದ್ದು ರಾತ್ರಿಯೊಳಗೆ ವಾಟ್ಸಾಪಿನಲ್ಲಿ ಸುತ್ತುತ್ತಿದ್ದರೆ ಮುಂದಿನ ಸಲ ಯಾರು ಬಾಯಿ ಬಿಡುತ್ತಾರೆ?

ಗಡಿಬಿಡಿ:

ಒಪ್ಪುತ್ತೇನೆ. ಆದರೆ ನಾನು ಕೇಳಿದ ಒಳ್ಳೆಯ ಕಥೆಗಳಲ್ಲಿ ಎಲ್ಲವೂ ಹೇಳುವವರ ಸ್ವಂತದ್ದೇ. ಸ್ವಂತದ್ದು, ನಿಜವಾದದ್ದು, ಅದು ಬಿಟ್ಟು ಬೇರೆ ಬೇಡ ಅಂತ ನಿಯಮ ಇಟ್ಟರೆ ವಾಸಿ. ಇಲ್ಲದಿದ್ದರೆ ವಾಟ್ಸಾಪಿನಲ್ಲಿ ಬಂದ ನೀತಿಕಥೆ ಹೇಳುತ್ತಾರೆ.

ಲಾಟೀನು:

ನೀತಿಕಥೆಗೆ ಬಾಗಿಲು ಹಾಕಿ, ನನ್ನದೇನೂ ತಕರಾರಿಲ್ಲ. ಆದರೆ ಜನಪದ ಕಥೆಗೆ ಹಾಕಬೇಡಿ.

'ನಿಜ' ಅನ್ನುವುದರ ಮೇಲೆ ಜಾಸ್ತಿ ಭಾರ ಹಾಕಬೇಡಿ. ಕೇಂಬ್ರಿಜ್‌ನ ಮನಶ್ಶಾಸ್ತ್ರಜ್ಞ ಬಾರ್ಟ್ಲೆಟ್ 1932ರಲ್ಲಿ ಬರೆದ ಪ್ರಯೋಗ ಇದೆ. ಅಮೆರಿಕದ ಮೂಲನಿವಾಸಿಗಳ ಒಂದು ಕಥೆಯನ್ನು ಓದಿಸಿ, ಆಮೇಲೆ ನೆನಪಿನಿಂದ ಮತ್ತೆ ಮತ್ತೆ ಬರೆಸಿದರು. ಓದಿದವರಿಗೆ ವಿಚಿತ್ರ ಅನ್ನಿಸಿದ್ದೆಲ್ಲ ಕಳಚಿಹೋಯಿತು, ಮರ ಕೊರೆದ ಓಡ ಸಾಮಾನ್ಯ ದೋಣಿಯಾಯಿತು. ನಮ್ಮ ಸ್ವಂತ ನೆನಪನ್ನೂ ಹೀಗೇ ನುಣುಪು ಮಾಡಿಕೊಂಡು ನಿಜ ಅಂತ ಹೇಳುತ್ತಿರುತ್ತೇವೆ.

ಜನಪದ ಕಥೆ ಯಾಕೆ ಬೇಕು ಅಂದರೆ ಅದು ಮುಖವಾಡ. ನಮ್ಮ ಹಂಚಿಯ ಕಥೆ ಇದೆಯಲ್ಲ, ಮುಖಕ್ಕೆ ಮಣ್ಣಿನ ಮುಖವಾಡ ಹಾಕಿಕೊಂಡು ಮನೆ ಬಿಟ್ಟ ಹುಡುಗಿ. ಎ. ಕೆ. ರಾಮಾನುಜನ್ ಅದನ್ನು ಕನ್ನಡದ ಸಿಂಡರೆಲ್ಲಾ ಅಂತ ಕರೆದರು. ಒಮ್ಮೆ ನಮ್ಮ ಗುಂಪಿನಲ್ಲಿ ಯಾವತ್ತೂ ಮಾತಾಡದ ಒಬ್ಬ ಹೆಂಗಸು ಅದನ್ನು ಹೇಳಿದರು. ಮುಖವಾಡ ಹಾಕಿಕೊಳ್ಳುವ ಜಾಗಕ್ಕೆ ಬಂದಾಗ ಎರಡೂ ಕೈಯಲ್ಲಿ ಮುಖ ಮುಚ್ಚಿ, ಬೆರಳ ಸಂದಿಯಿಂದ ನಮ್ಮನ್ನು ನೋಡಿದರು, ಹಾಗೇ ಸ್ವಲ್ಪ ಹೊತ್ತು ನಿಂತರು. ಅವರು ತಮ್ಮ ಬಗ್ಗೆ ಒಂದು ಮಾತೂ ಆಡಲಿಲ್ಲ. ಆಡಬೇಕಾಗಿಯೂ ಇರಲಿಲ್ಲ.

ಗಡಿಬಿಡಿ:

ಸರಿ ಸರಿ. ತಿಂಗಳು ಬಿಟ್ಟು ತಿಂಗಳು ಇಡೋಣ, ಒಂದು ಸಲ ಸ್ವಂತದ್ದು, ಒಂದು ಸಲ ಕೇಳಿದ್ದು.

ಯಾಕ್ರೀ:

ಅಲ್ಲ, ಕೊನೆಗೂ ಹೇಳದವರು ಹೇಳದೇ ಇರಲಿ ಬಿಡಿ. ಒತ್ತಾಯ ಯಾಕೆ? ಕೇಳಲು ಬಂದವರೂ ಬಂದವರೇ ಅಲ್ವಾ?

ಲಾಟೀನು:

ಒತ್ತಾಯ ಬೇಡ. ಆದರೆ ಹೇಳದೆ ಇಟ್ಟುಕೊಂಡ ಕಥೆ ಏನು ಮಾಡುತ್ತದೆ ಅಂತ ಒಂದು ಕನ್ನಡ ಜನಪದ ಕಥೆಯೇ ಇದೆ, ಇದನ್ನೂ ರಾಮಾನುಜನ್ ಸಂಗ್ರಹಿಸಿದ್ದರು. ನನ್ನ ಮಾತಿನಲ್ಲಿ ಹೇಳುತ್ತೇನೆ, ನನ್ನ ಹೆಸರು ಎಲ್ಲಿಂದ ಬಂತು ಅಂತಲೂ ಗೊತ್ತಾಗುತ್ತದೆ.

ಒಬ್ಬಳಿಗೆ ಒಂದು ಕಥೆ ಗೊತ್ತಿತ್ತು, ಒಂದು ಹಾಡೂ ಗೊತ್ತಿತ್ತು. ಯಾರಿಗೂ ಹೇಳಲಿಲ್ಲ. ಒಳಗೇ ಇದ್ದು ಇದ್ದು ಅವುಗಳಿಗೆ ಉಸಿರು ಕಟ್ಟಿತು. ಒಂದು ದಿನ ಅವಳು ಬಾಯಿ ತೆರೆದು ಮಲಗಿದ್ದಾಗ ಎರಡೂ ಹೊರಗೆ ಬಂದವು. ಕಥೆ ಒಂದು ಜೊತೆ ಗಂಡಸಿನ ಜೋಡಾಗಿ ಬಾಗಿಲ ಹೊರಗೆ ಕೂತಿತು. ಹಾಡು ಕೋಟಾಗಿ ಗೂಟಕ್ಕೆ ನೇತುಬಿತ್ತು. ಗಂಡ ಬಂದ. ಯಾರು ಬಂದಿದ್ದಾರೆ? ಯಾರೂ ಇಲ್ಲ. ಮತ್ತೆ ಈ ಜೋಡು ಯಾರದ್ದು? ಈ ಕೋಟು? ಅವಳಿಗೂ ಗೊತ್ತಿಲ್ಲ. ಜಗಳ ಆಯಿತು, ಗಂಡ ಕಂಬಳಿ ಎತ್ತಿಕೊಂಡು ಗುಡಿಗೆ ಹೋಗಿ ಮಲಗಿದ. ರಾತ್ರಿ ಊರಿನ ದೀಪಗಳೆಲ್ಲ ಆರಿದ ಮೇಲೆ ಅವುಗಳ ಕುಡಿಗಳು ಆ ಗುಡಿಯಲ್ಲಿ ಸೇರಿ ಹರಟೆ ಹೊಡೆಯುತ್ತವಂತೆ. ಆವತ್ತು ಒಂದು ಕುಡಿ ತಡವಾಗಿ ಬಂತು. ಯಾಕೆ ತಡ? ನಮ್ಮ ಮನೆಯಲ್ಲಿ ಜಗಳ, ಅಂತ ಜೋಡಿನ ವಿಷಯ, ಕೋಟಿನ ವಿಷಯ ಎಲ್ಲ ಹೇಳಿತು. ಗಂಡ ಕೇಳಿಸಿಕೊಂಡ. ಬೆಳಿಗ್ಗೆ ಮನೆಗೆ ಬಂದು, ನಿನಗೆ ಗೊತ್ತಿದ್ದ ಆ ಕಥೆ ಯಾವುದು, ಹಾಡು ಯಾವುದು ಅಂತ ಕೇಳಿದ.

ಯಾವ ಕಥೆ? ಯಾವ ಹಾಡು? ಅಂದಳು ಅವಳು. ಎರಡೂ ಮರೆತು ಹೋಗಿದ್ದವು.

ಯಾಕ್ರೀ:

ಆಯ್ತು. ಉಳಿದ ಅರ್ಧವೂ ವಾಪಸ್.

ಮೂರನೇ ಸಾಲು:

ಆರನೇ ಸಂಜೆ ಮುಗಿಸಿ ಬಂದು ಬರೆಯುತ್ತಿದ್ದೇನೆ. ಎಲ್ಲರಿಗೂ ಥ್ಯಾಂಕ್ಸ್. ಏನೇನು ಆಯಿತು ಅಂತ ಹೇಳುತ್ತೇನೆ, ಕೆಟ್ಟದ್ದೂ ಸೇರಿಸಿ.

ಅರ್ಧ ಚಂದ್ರ, ಹತ್ತು ಕುರ್ಚಿ. 17 ಜನ ಬಂದರು, ಏಳು ಸಲ ಎದ್ದು ಕುರ್ಚಿ ಎಳೆದೆ, ಆ ಸದ್ದಿನಲ್ಲೇ ಅರ್ಧ ನಾಚಿಕೆ ಹೋಯಿತು ಅನ್ನಿಸುತ್ತದೆ. ಕುತ್ತಿಗೆಗೆ ಸಿಕ್ಕಿಸುವ ಮೈಕ್ ಸಿಕ್ಕಿತು. ಅದನ್ನು ಸಿಕ್ಕಿಸಿಕೊಳ್ಳುವ ಅರ್ಧ ನಿಮಿಷ ಎಲ್ಲರೂ ಏನೋ ಒಂದು ಮಾತಾಡುತ್ತಾರೆ, ಆಮೇಲೆ ಕಥೆಗೆ ಹೋಗುವುದು ಸುಲಭ.

ಚೀಟಿ ಎಂಟು ಬಂದವು. ಮೂವತ್ತೈದು ನಿಮಿಷದವರಿಗೆ ನಾನು ನಾಲ್ಕಕ್ಕೆ ಎದ್ದು ನಿಂತೆ, ಅವರು ನನಗೂ ಕಥೆ ಹೇಳಬೇಕಾಗಿದೆ ಅಂದುಕೊಂಡು 'ಕೂತುಕೊಳ್ಳಿ, ನಿಮ್ಮ ಸರದಿ ಬರುತ್ತದೆ' ಅಂದರು. ಒಂಬತ್ತು ನಿಮಿಷಕ್ಕೆ ಮುಗಿಸಿದರು. ಅವರ ಮಟ್ಟಿಗೆ ಅದು ಟೆಲಿಗ್ರಾಂ. ಫ್ಯಾನ್ ನೋಡುವವರು ಐದು ಚೌಕದ ಚಿತ್ರ ಬಿಡಿಸಿಕೊಂಡು ಬಂದಿದ್ದರು. ಮೂರನೇ ಚೌಕ ಮರೆತು ನಾಲ್ಕಕ್ಕೆ ಹೋದರು, ಯಾರಿಗೂ ಗೊತ್ತಾಗಲಿಲ್ಲ, ಕೊನೆಯಲ್ಲಿ ಅವರೇ ಹೇಳಿದರು.

ತಪ್ಪಾದದ್ದು ಕೀ. ಎಲ್ಲರೂ ಒಂದು ಕೀ ತನ್ನಿ ಅಂದಿದ್ದೆ, ನಾಲ್ಕು ಜನ ಕೀ ಕಳೆದುಕೊಂಡ ಕಥೆಯನ್ನೇ ಹೇಳಿದರು. ನಾಲ್ಕರಲ್ಲೂ ಕೀ ಕೊನೆಗೆ ಜೇಬಿನಲ್ಲೇ ಇತ್ತು! ವಸ್ತು ಅವರ ಬ್ಯಾಗಿನಿಂದಲೇ ಬರಬೇಕಿತ್ತು ಅಂತ ಆಮೇಲೆ ಹೊಳೆಯಿತು. ಅರೆಬರೆ ಅವರು ಸರಿಯಾಗಿಯೇ ಬರೆದಿದ್ದರು, ನಾನೇ ಅರೆಬರೆ ಓದಿದ್ದೆ.

ಮುಗಿದ ಮೇಲೆ ಬಾಗಿಲ ಹತ್ರ ಮಾತ್ರ ಅದೇ ಕಥೆ. ಅಂದರೆ, ಅದೇ ಹಳೆ ಪಾಡು. ಎಲ್ಲರೂ ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು ನಿಂತು ಮುಕ್ಕಾಲು ಗಂಟೆ ಮಾತಾಡಿದರು. ಚೀಟಿ ಹಾಕದ ಒಂಬತ್ತು ಜನರಲ್ಲಿ ಆರು ಜನ ಅಲ್ಲಿ ಹೇಳಿದರು.

ಅರೆಬರೆ:

ಕುರ್ಚಿಗಳನ್ನು ಬಾಗಿಲ ಹತ್ರವೇ ಹಾಕಿ ಸರ್. ಇಲ್ಲದಿದ್ದರೆ ಕುರ್ಚಿಯೇ ಬೇಡ.

ಲಾಟೀನು:

ಎಲ್ಲರೂ ಹೋದ ಮೇಲೆ ಹೊರಗೆ ಒಂದು ಜೊತೆ ಚಪ್ಪಲಿ ಉಳಿದಿತ್ತಾ, ನೋಡಿದ್ದೀರಾ?

ಮೂರನೇ ಸಾಲು:

ಚಪ್ಪಲಿ ಇರಲಿಲ್ಲ. ಒಂದು ಕೊಡೆ ಇತ್ತು. ಯಾರದ್ದು ಅಂತ ಗುಂಪಿನಲ್ಲಿ ಕೇಳಿದ್ದೇನೆ, ಇನ್ನೂ ಯಾರೂ ಹೂಂ ಅಂದಿಲ್ಲ.